ಜಮಖಂಡಿಯಲ್ಲಿ ಕಂಡ ಹಳದಿ ಗೆರೆ



ಗ್ಯಾಸ್ ಒಲೆಯ ಮೇಲಿಟ್ಟ ಸಾರು ಉಕ್ಕಿ ಚೆಲ್ಲಿದಾಗ ನೀಲಿ ಉರಿ ಒಮ್ಮೆಲೇ ಹಳದಿಯಾಗುವುದನ್ನು ನೀವೆಲ್ಲ ಎಷ್ಟೋ ಸಲ ನೋಡಿರುತ್ತೀರಿ. ಒಲೆ ಆರಿಸಿ ಒರೆಸಿದರೆ ನಮ್ಮ ಕೆಲಸ ಮುಗಿಯಿತು. ಆದರೆ ಆ ಹಳದಿ ಎಲ್ಲಿಂದ ಬಂತು? ಸಾರಿನ ಉಪ್ಪಿನಿಂದ. ಉಪ್ಪಿನಲ್ಲಿರುವ ಸೋಡಿಯಂ ಉರಿಯಲ್ಲಿ ಕಾದಾಗ ಸೂಸುವ ಬೆಳಕು ಅದು. ಈ ಸಲದ ಕಥೆ ಈ ಹಳದಿ ಬೆಳಕಿನದೇ. ನಡೆದದ್ದು ನಮ್ಮ ಜಮಖಂಡಿಯಲ್ಲಿ, 1868ರಲ್ಲಿ.

ಬಿಬವೇವಾಡಿಯ ಕನ್ನಡಿಗರಿಗೆ ಜಮಖಂಡಿ ಹೊಸ ಹೆಸರಲ್ಲ. ಸ್ವಾರಗೇಟ್ ದಾಟಿ ತಿಲಕ್ ರಸ್ತೆಗೆ ಹೋದರೆ ಸಿಗುವ ಎಸ್.ಪಿ. ಕಾಲೇಜಿನ ಪೂರ್ತಿ ಹೆಸರು ಸರ್ ಪರಶುರಾಮಭಾವು ಕಾಲೇಜು. ಆ ಪರಶುರಾಮಭಾವು ಪಟವರ್ಧನರು ಜಮಖಂಡಿ ಸಂಸ್ಥಾನದ ಅರಸರು. ಊರಿನ ನಂಟು ಹೀಗೆ ಪುಣೆಯಲ್ಲೂ ಉಳಿದಿದೆ. ಆದರೆ ವಿಜ್ಞಾನದ ಇತಿಹಾಸದಲ್ಲಿ ಈ ಊರಿಗಿರುವ ಜಾಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಸಾಮಾನ್ಯ ಜ್ಞಾನದ ಪುಸ್ತಕ ತೆರೆದರೆ ಒಂದೇ ಸಾಲು: "1868ರಲ್ಲಿ ಜಾನ್ಸೆನ್ ಮತ್ತು ಲಾಕ್ಯರ್ ಹೀಲಿಯಂ ಕಂಡುಹಿಡಿದರು." ಮಕ್ಕಳು ಉರು ಹೊಡೆಯುತ್ತಾರೆ, ಅಂಕ ಬರುತ್ತದೆ, ಮರುವಾರ ಮರೆಯುತ್ತದೆ. ನಾನು ಕನ್ನಡ ಬಿ.ಎ. ಓದಿದವಳು, ವಿಜ್ಞಾನದ ಮೇಷ್ಟ್ರಲ್ಲ. ಆದರೂ ಕಥೆ ಹೇಳುವ ಕಸುಬಿನವಳಾಗಿ ಒಂದು ಮಾತು ಹೇಳಬಲ್ಲೆ. ಆ ಒಂದು ಸಾಲಿನಲ್ಲಿ ಕಥೆಯ ಜೀವವೇ ಬಿಟ್ಟುಹೋಗಿದೆ.

ಪೂರ್ತಿ ಕಥೆ ಹೀಗಿದೆ. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂತೆ ಬಣ್ಣಗಳು ಹರಡಿಕೊಳ್ಳುತ್ತವೆ. ಇದಕ್ಕೆ ರೋಹಿತ ಎನ್ನುತ್ತಾರೆ. 1859-60ರ ಹೊತ್ತಿಗೆ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಒಂದು ದೊಡ್ಡ ಸಂಗತಿ ತೋರಿಸಿದ್ದರು. ಕಾದ ಅನಿಲರೂಪದ ಪ್ರತಿಯೊಂದು ಧಾತುವೂ ರೋಹಿತದಲ್ಲಿ ತನ್ನದೇ ಗೆರೆಗಳನ್ನು ಮೂಡಿಸುತ್ತದೆ, ಪ್ರತಿಯೊಬ್ಬರ ಹೆಬ್ಬೆರಳಿನ ಗುರುತು ಬೇರೆ ಬೇರೆ ಇದ್ದ ಹಾಗೆ. ಗೆರೆ ನೋಡಿ ಧಾತು ಯಾವುದೆಂದು ಹೇಳಬಹುದು. ಅದು ಒಲೆಯಲ್ಲಿದ್ದರೂ ಸರಿ, ಸೂರ್ಯನಲ್ಲಿದ್ದರೂ ಸರಿ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ನೆರಳಿನ ಹಾದಿ ದಖ್ಖನಿನ ಮೇಲೆ ಹಾದು ಆಂಧ್ರದ ಕರಾವಳಿಯ ಕಡೆಗೆ ಸಾಗುತ್ತಿತ್ತು. ಪೂರ್ಣಗ್ರಹಣದಲ್ಲಿ ಸೂರ್ಯನ ಅಂಚಿನಿಂದ ಕೆಂಪು ನಾಲಗೆಗಳು ಚಾಚಿದಂತೆ ಕಾಣುತ್ತವಲ್ಲ, ಅವು ಏನು ಎಂಬುದು ಆಗಿನ ಪ್ರಶ್ನೆ. ಉತ್ತರ ಹುಡುಕಲು ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿಗೆ ಬಂದರು. ಕ್ಯಾಪ್ಟನ್ ಹೇಗ್ ಬಿಜಾಪುರದಲ್ಲಿದ್ದರು. ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕಾದವರು ಲೆಫ್ಟಿನೆಂಟ್ ಜಾನ್ ಹರ್ಷಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲರ ಮೊಮ್ಮಗ.

ಮಳೆಗಾಲ. ಜಮಖಂಡಿಯ ಆಕಾಶದಲ್ಲಿ ಮೋಡ. ಪೂರ್ಣಗ್ರಹಣ ಇರುವುದೇ ಕೆಲವು ನಿಮಿಷ. ಆ ನಿಮಿಷಗಳಲ್ಲೂ ಮೋಡದ ಸಂದಿನಲ್ಲಿ ಸಿಕ್ಕಷ್ಟೇ ನೋಟ. ಆದರೂ ಹರ್ಷಲ್ ನೋಡಿದರು. ಕಂಡದ್ದು ಮೂರು ಉಜ್ವಲ ಗೆರೆಗಳು: ಕೆಂಪು, ಕಿತ್ತಳೆ ಹಳದಿ, ನೀಲಿ. ಹೀಗೆ ಬಿಡಿಬಿಡಿಯಾಗಿ ಗೆರೆಗಳು ಕಂಡರೆ ಅದು ಕಾದು ಹೊಳೆಯುವ ಅನಿಲ ಎಂದೇ ಅರ್ಥ. ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗುಂಟೂರಿನಲ್ಲೂ ಇದೇ ಉತ್ತರ.

ಇನ್ನು ಉಳಿದದ್ದು ನಡುವಿನ ಹಳದಿ ಗೆರೆ. ಹರ್ಷಲ್ ಅಳೆದು ನೋಡಿದರು. ಅದು ಸೋಡಿಯಂ ಗೆರೆ ಇರುವ ಜಾಗದಲ್ಲೇ ಇದೆ, ತಮ್ಮ ಉಪಕರಣದ ಶಕ್ತಿಗೆ ನಿಲುಕುವ ಮಟ್ಟಿಗೆ ಇದು ಸೋಡಿಯಂ ಗೆರೆಯೇ ಎಂದು ವರದಿ ಮಾಡಿದರು. ಅಂದರೆ ನಮ್ಮ ಒಲೆಯ ಉಪ್ಪಿನ ಹಳದಿ!

ಆ ತೀರ್ಮಾನ ತಪ್ಪಾಗಿತ್ತು.

ಜಾನ್ಸೆನ್ ಮರುದಿನವೇ, ಗ್ರಹಣವಿಲ್ಲದೆಯೂ, ಆ ನಾಲಗೆಗಳ ಗೆರೆಗಳನ್ನು ನೋಡುವ ಉಪಾಯ ಕಂಡುಕೊಂಡರು. ಆದರೆ ಹೊಸ ಧಾತುವಿನ ಮಾತನ್ನು ಅವರು ಎತ್ತಲಿಲ್ಲ. ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಸ್ವತಂತ್ರವಾಗಿ ಅದೇ ಉಪಾಯದಿಂದ ನೋಡಿದರು. ಗ್ರಹಣದ ಅವಸರವಿಲ್ಲದ್ದರಿಂದ ಮತ್ತೆ ಮತ್ತೆ ಅಳೆಯಲು ಅವರಿಗೆ ಸಮಯವಿತ್ತು. ಹಳದಿ ಗೆರೆ ಸೋಡಿಯಂ ಗೆರೆಗಳ ಪಕ್ಕದಲ್ಲಿತ್ತು, ಅವುಗಳ ಮೇಲಲ್ಲ. ಇಂದಿನ ಲೆಕ್ಕದಲ್ಲಿ ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರ್, ಇದು 587.6. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಅಷ್ಟೇ ವ್ಯತ್ಯಾಸ. ಆ ಕೂದಲೆಳೆಯ ಅಂತರದಲ್ಲಿ ಒಂದು ಹೊಸ ಧಾತು ಅಡಗಿತ್ತು.

ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯಾಸ್ ಎನ್ನುತ್ತಾರೆ. ಅದರಿಂದ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಯಾರೂ ಕಾಣದ ಧಾತುವನ್ನು ನಂಬುವುದು ಹೇಗೆ ಎಂದು ಎಷ್ಟೋ ಜನ ತಲೆಯಾಡಿಸಿದರು. 1895ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಲ್ಲಿ ಆರ್ಗಾನ್ ಹುಡುಕುತ್ತಿದ್ದಾಗ, ಅದರಿಂದ ಹೊರಟ ಅನಿಲದಲ್ಲಿ ಅದೇ ಹಳದಿ ಗೆರೆ ಹೊಳೆಯಿತು. ಗೆರೆ ಕಂಡ 27 ವರ್ಷಗಳ ಮೇಲೆ ಧಾತು ಕೈಗೆ ಸಿಕ್ಕಿತು.

ಈಗ ಹೇಳಿ, ಪುಸ್ತಕದ ಆ ಒಂದು ಸಾಲಿನಲ್ಲಿ ಇದೆಲ್ಲ ಎಲ್ಲಿದೆ? ಜಮಖಂಡಿಯಲ್ಲಿ ಆದ ತಪ್ಪನ್ನು ಬಿಟ್ಟು ಕಥೆ ಹೇಳಿದರೆ, ದೊಡ್ಡವರು ನೋಡಿದರು, ಕೂಡಲೇ ಕಂಡುಹಿಡಿದರು ಎಂದಾಗುತ್ತದೆ. ಲೆಕ್ಕ ತಪ್ಪಿದ ಮಗು "ವಿಜ್ಞಾನ ನನಗಲ್ಲ" ಎಂದು ಪುಸ್ತಕ ಮುಚ್ಚುವುದು ಇಂಥ ಕಥೆಗಳಿಂದಲೇ. ತಪ್ಪನ್ನೂ ಸೇರಿಸಿ ಹೇಳಿದರೆ ಮಗುವಿಗೆ ಬೇರೆ ಪಾಠ ಸಿಗುತ್ತದೆ. ಹರ್ಷಲ್ ದಡ್ಡರಲ್ಲ, ಸೋಮಾರಿಯೂ ಅಲ್ಲ. ಮೋಡದ ನಡುವೆ, ಕೆಲವೇ ನಿಮಿಷಗಳಲ್ಲಿ, ಕೈಲಿದ್ದ ಉಪಕರಣದಿಂದ ಅಳೆದರು. ಆ ಉಪಕರಣದ ಮಿತಿಯನ್ನೂ ಬರೆದಿಟ್ಟರು. 

ಕನ್ನಡದಲ್ಲಿ ಹೀಗೆ ವಿಜ್ಞಾನ ಹೇಳುವ ಪರಂಪರೆ ಇದೆ. ಜೆ.ಆರ್. ಲಕ್ಷ್ಮಣರಾಯರು 'ಪರಮಾಣು ಚರಿತ್ರೆ' ಬರೆದರು. 1978ರಲ್ಲಿ 'ಬಾಲವಿಜ್ಞಾನ' ಪತ್ರಿಕೆ ಶುರುವಾಯಿತು. ಪುಣೆಗೂ ತನ್ನ ಪಾಲಿದೆ. ಇಲ್ಲಿನ ಸೈನ್ಸ್ ಕಾಲೇಜಿನ ಪ್ರಾಧ್ಯಾಪಕ ಕಾವಸಜಿ ನೇಗಾಮವಾಲಾ 1898ರ ಜನವರಿ 22ರ ಗ್ರಹಣದಲ್ಲಿ ಸೋಲಾಪುರ ಜಿಲ್ಲೆಯ ಜೇವೂರಿನಲ್ಲಿ ಬಿಡಾರ ಹೂಡಿ ಸೂರ್ಯನ ರೋಹಿತವನ್ನು ಅಧ್ಯಯನ ಮಾಡಿದರು. ನಮ್ಮ ಕಾಲದಲ್ಲಿ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ ಮಾಡಿಸಿ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಿದರು.

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಓದುತ್ತಾರೆ. ಮನೆಯಲ್ಲಿ ಕಥೆಗೆ ಕನ್ನಡವೇ ಸಾಕು. ಈ ಭಾನುವಾರ ಹೀಗೆ ಮಾಡಿ. ಹಳೆಯ ಸಿ.ಡಿ.ಯೊಂದನ್ನು ಮನೆಯ ದೀಪದ ಕೆಳಗೆ ಓರೆಯಾಗಿ ಹಿಡಿದು ಬಣ್ಣಗಳನ್ನು ತೋರಿಸಿ. ಆಮೇಲೆ ನೀವೇ ಒಲೆಯ ಬಳಿ ನಿಂತು ಚಿಟಿಕೆ ಉಪ್ಪನ್ನು ಉರಿಗೆ ಉದುರಿಸಿ, ಮಕ್ಕಳು ದೂರದಿಂದ ನೋಡಲಿ. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದಾಗಲಿ ಸಿ.ಡಿ.ಯಲ್ಲಾಗಲಿ ನೋಡಲು ಬಿಡಬೇಡಿ. ಆಮೇಲೆ ಕಥೆ ಶುರು ಮಾಡಿ. ಹರ್ಷಲ್ ಹಳದಿ ಗೆರೆ ಅಳೆಯುವಲ್ಲಿಗೆ ಬಂದಾಗ ನಿಲ್ಲಿಸಿ ಕೇಳಿ: "ನೀನಾಗಿದ್ದರೆ ಏನಂತ ಬರೀತಿದ್ದೆ?"

ಮಕ್ಕಳು ಕೊಟ್ಟ ಉತ್ತರವನ್ನು ನಮಗೂ ಬರೆದು ಕಳಿಸಿ. ಮತ್ತೆ ಭೇಟಿಯಾಗೋಣ.