ದುಗ್ಧನಾಳಗಳ ಶೋಧನೆ

ಕಾಲಿನ ಬೆರಳಿಗೆ ಮುಳ್ಳು ಚುಚ್ಚಿ ಕೀವಾದಾಗ ಎರಡು ಮೂರು ದಿನಗಳಲ್ಲಿ ತೊಡೆಯ ಸಂದಿನಲ್ಲಿ ಒಂದು ಗಂಟು ಎದ್ದು ನೋಯುವುದನ್ನು ನಮ್ಮಲ್ಲಿ ಅನೇಕರು ಅನುಭವಿಸಿಯೇ ಇರುವರು. ಗಾಯವಾದುದು ಪಾದದಲ್ಲಿ, ಗಂಟು ಎದ್ದುದು ಅಲ್ಲಿಂದ ಸುಮಾರು ಎರಡು ಮೊಳ ಮೇಲೆ. ಇವೆರಡರ ನಡುವೆ ಯಾವುದೋ ಒಂದು ದಾರಿ ಇರಲೇಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ದಾರಿ ಯಾವುದೆಂಬುದು ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾದುದು 17ನೆಯ ಶತಮಾನದಲ್ಲಿ. ಹಾಗಾದರೆ ಅದಕ್ಕೆ ಮುಂಚೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲವೆ? ಬಿದ್ದಿದ್ದಿತು, ಒಂದು ಸಲವಲ್ಲ, ಹಲವು ಸಲ. ಕಂಡವರು ಕಂಡುದನ್ನು ಬಿಟ್ಟರು, ಕೇಳಿದವರು ನಂಬದೆ ಹೋದರು. ಹೀಗೆ ಕಂಡು ಮರೆತ ಒಂದು ವಸ್ತುವಿನ ಚರಿತ್ರೆಯನ್ನೇ ನಾನು ಈ ಹೊತ್ತು ಹೇಳಹೊರಟಿರುವುದು.

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಳ್ಳೋಣ. ಹೃದಯದಿಂದ ಹೊರಟ ರಕ್ತವು ಧಮನಿಗಳ ಮೂಲಕ ಕೂದಲಿಗಿಂತಲೂ ಸಣ್ಣವಾದ ಸೂಕ್ಷ್ಮನಾಳಗಳನ್ನು ಸೇರಿ, ಅಲ್ಲಿಂದ ಸಿರೆಗಳ ಮೂಲಕ ಹೃದಯಕ್ಕೆ ಮರಳುವುದೆಂಬುದು ಈಗ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಹೊರಟ ದ್ರವವೆಲ್ಲವೂ ಇದೇ ದಾರಿಯಲ್ಲಿ ಹಿಂದಿರುಗುವುದಿಲ್ಲ. ಸೂಕ್ಷ್ಮನಾಳಗಳ ತೆಳುವಾದ ಗೋಡೆಯಿಂದ ರಕ್ತದ ನೀರಿನ ಅಂಶವು ಸದಾ ಒಸರಿ ಮಾಂಸಖಂಡಗಳ ಸಂದುಗಳಲ್ಲಿ ನಿಲ್ಲುತ್ತದೆ. ಅಲ್ಲಿ ಅದನ್ನು ಹೀರಿಕೊಳ್ಳುವುದಕ್ಕಾಗಿ ತುದಿ ಮುಚ್ಚಿದ ಬೇರೊಂದು ಬಗೆಯ ಸಣ್ಣ ನಾಳಗಳಿವೆ. ಇವು ಒಂದರೊಡನೊಂದು ಕೂಡಿ, ದಾರಿಯಲ್ಲಿ ಅವರೆಕಾಳಿನಂಥ ಗ್ರಂಥಿಗಳನ್ನು ಹಾಯ್ದು, ಕಡೆಗೆ ಎದೆಯೊಳಗಿನ ಒಂದು ದೊಡ್ಡ ನಾಳವನ್ನು ಸೇರಿ, ಕತ್ತಿನ ಬುಡದಲ್ಲಿ ಸಿರೆಯೊಳಕ್ಕೆ ಸುರಿಯುತ್ತವೆ. ದಿನವೊಂದಕ್ಕೆ ಹೀಗೆ ರಕ್ತಕ್ಕೆ ಮರಳುವ ದ್ರವವು ಸುಮಾರು 2ರಿಂದ 4 ಲೀಟರ್. ಬಲಗೈ, ಎದೆಯ ಮತ್ತು ತಲೆಯ ಬಲಭಾಗ, ಇವುಗಳ ದ್ರವ ಮಾತ್ರ ಬಲಗಡೆಯ ಇನ್ನೊಂದು ಸಣ್ಣ ನಾಳದಿಂದ ಹೋಗಿ ಬೀಳುವುದು. ದೇಹದಲ್ಲಿ ಈ ಗ್ರಂಥಿಗಳು ಸುಮಾರು 600ರಷ್ಟು ಇರುವುವು. ಮುಳ್ಳು ಚುಚ್ಚಿದಾಗ ತೊಡೆಸಂದಿನಲ್ಲಿ ಏಳುವ ಗಂಟು ಇಂಥ ಒಂದು ಗ್ರಂಥಿಯೇ; ಗಾಯದಿಂದ ಹರಿದುಬಂದ ವಿಷಾಣುಗಳನ್ನು ಅದು ಅಲ್ಲಿಯೇ ತಡೆದು ಹೋರಾಡುತ್ತಿರುತ್ತದೆ.

ಈ ದ್ರವಕ್ಕೆ ಕನ್ನಡದಲ್ಲಿ ದುಗ್ಧರಸವೆಂದು ಹೆಸರು. ದುಗ್ಧವೆಂದರೆ ಹಾಲು. ಆದರೆ ಕೈಕಾಲುಗಳಲ್ಲಿ ಹರಿಯುವ ಈ ರಸವು ಹಾಲಿನಂತಿಲ್ಲ, ತಿಳಿನೀರಿನಂತೆ ಬಣ್ಣವಿಲ್ಲದುದು. ಊಟವಾದ ಮೇಲೆ ಕೆಲವು ಗಂಟೆಗಳ ಕಾಲ, ಕರುಳಿನಿಂದ ಬರುವ ನಾಳಗಳಲ್ಲಿ ಮಾತ್ರ, ಆಹಾರದ ಜಿಡ್ಡು ಬೆರೆತು ಅದು ಬೆಳ್ಳಗಾಗುತ್ತದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗಿ ತಿಳಿಯುವುದು. ಬಣ್ಣವಿಲ್ಲದುದರಿಂದ ಅದು ಕಣ್ಣಿಗೆ ಬೀಳಲಿಲ್ಲ. ಬೆಳ್ಳಗಾದ ಹೊತ್ತಿನಲ್ಲಿ ನೋಡಿದವರಿಗೆ ಮಾತ್ರ ಬಿದ್ದಿತು.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರವು ಗ್ರೀಕರ ವಿದ್ಯೆಗೆ ತೌರುಮನೆಯಾಗಿದ್ದಿತು. ಅಲ್ಲಿ ಎರಾಸಿಸ್ಟ್ರಾಟಸ್ ಎಂಬ ವೈದ್ಯನು, ಆಗತಾನೆ ಹಾಲು ಕುಡಿದ ಮೇಕೆಮರಿಯ ಕರುಳಿನ ಪೊರೆಯಲ್ಲಿ ಹಾಲು ತುಂಬಿದ ನಾಳಗಳನ್ನು ಕಂಡನು. ಅವನ ಗ್ರಂಥಗಳು ನಮಗೆ ಉಳಿದುಬಂದಿಲ್ಲ. ಅವನು ಕಂಡ ಸಂಗತಿ ನಮಗೆ ಗೊತ್ತಿರುವುದು, ಸುಮಾರು 400 ವರ್ಷಗಳ ಅನಂತರ ಬಂದ ಗೇಲನ್ ಎಂಬ ಮಹಾವೈದ್ಯನು ಅದನ್ನು ಖಂಡಿಸುವುದಕ್ಕಾಗಿ ಎತ್ತಿ ಹೇಳಿರುವುದರಿಂದ. ಗೇಲನನ ಮತದಲ್ಲಿ ಜೀರ್ಣವಾದ ಅನ್ನರಸವೆಲ್ಲವೂ ಸಿರೆಗಳ ಮೂಲಕ ಯಕೃತ್ತಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ. ಯಕೃತ್ತೇ ರಕ್ತದ ತಾಯಿ, ದೇಹದ ಅಡುಗೆಮನೆ. ಇಂಥ ವ್ಯವಸ್ಥೆಯಲ್ಲಿ ಬಿಳಿಯ ನಾಳಗಳಿಗೆ ಕೆಲಸವೇ ಇರಲಿಲ್ಲ. ಗೇಲನನ ಮಾತು ಯೂರೋಪಿನಲ್ಲಿ ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ವೇದವಾಕ್ಯವಾಗಿ ನಡೆಯಿತು.

16ನೆಯ ಶತಮಾನದಲ್ಲಿ ರೋಮಿನ ಅಂಗರಚನಾಶಾಸ್ತ್ರಜ್ಞನಾದ ಯೂಸ್ಟಾಕಿಯು ಕುದುರೆಯೊಂದನ್ನು ಸೀಳಿ ನೋಡುತ್ತಿದ್ದಾಗ, ಬೆನ್ನೆಲುಬಿನ ಪಕ್ಕದಲ್ಲಿ ನೀರಿನಂಥ ರಸವಿದ್ದ ಒಂದು ಬಿಳಿಯ ನಾಳವು ಅವನ ಕಣ್ಣಿಗೆ ಬಿದ್ದಿತು. ಎದೆಯ ಬಿಳಿಯ ಸಿರೆಯೆಂದು ಅದಕ್ಕೆ ಹೆಸರಿಟ್ಟನು. ಅವನು ಹುಡುಕುತ್ತಿದ್ದುದು ಬೇರೊಂದು ಸಿರೆಯನ್ನು. ಇದು ಎಲ್ಲಿಂದ ಬಂದಿತು, ಏನನ್ನು ಒಯ್ಯುತ್ತದೆ, ಎಂಬ ವಿಚಾರಕ್ಕೆ ಅವನು ಕೈಹಾಕಲಿಲ್ಲ. ದುಗ್ಧರಸದ ಹೆದ್ದಾರಿಯನ್ನೇ ಕಂಡೂ ಅದರ ಮೇಲೆ ನಡೆಯದೆ ಪಕ್ಕಕ್ಕೆ ಸರಿದುಹೋದನು.

ಈಗ 1622ನೆಯ ಇಸವಿಗೆ ಬರೋಣ. ಇಟಲಿಯ ಮಿಲಾನ್ ನಗರದಲ್ಲಿ ಜುಲೈ 23ರಂದು ಗಾಸ್ಪಾರೆ ಅಸೇಲಿ ಎಂಬ ಶಸ್ತ್ರವೈದ್ಯನು, ಸ್ನೇಹಿತರ ಕೋರಿಕೆಯಂತೆ, ಗಂಟಲಿನ ನರಗಳನ್ನು ತೋರಿಸುವುದಕ್ಕಾಗಿ ಜೀವವಿದ್ದ ನಾಯಿಯೊಂದನ್ನು ಕೊಯ್ದನು. ಆ ಕೆಲಸ ಮುಗಿದ ಮೇಲೆ, ಎದೆಗೂ ಹೊಟ್ಟೆಗೂ ನಡುವಣ ವಪೆಯ ಚಲನೆಯನ್ನೂ ನೋಡಬೇಕೆಂದು ಹೊಟ್ಟೆಯನ್ನು ತೆರೆದು ಕರುಳುಗಳನ್ನು ಕೆಳಕ್ಕೆ ಸರಿಸಿದನು. ಕರುಳಿನ ಮೇಲೂ ಅದರ ಪೊರೆಯ ಮೇಲೂ ತೆಳ್ಳನೆಯ ಬಿಳಿಯ ಎಳೆಗಳು ಲೆಕ್ಕವಿಲ್ಲದಷ್ಟು ಹರಡಿದ್ದುವು. ಮೊದಲು ನರಗಳಿರಬಹುದೆಂದುಕೊಂಡನು. ಆದರೆ ನರಗಳು ಬೇರೆಯಾಗಿಯೇ ಕಾಣುತ್ತಿದ್ದುವು. ಸಂಶಯ ತೀರಲೆಂದು ಹರಿತವಾದ ಅಲಗಿನಿಂದ ಒಂದು ಎಳೆಯನ್ನು ಕೊಯ್ದನು. ಹಾಲಿನ ಕೆನೆಯಂಥ ರಸವು ಹೊರಕ್ಕೆ ಚಿಮ್ಮಿತು. ಆ ನಾಯಿ ಬೇಗನೆ ಸತ್ತಿತು. ಸಾಯುತ್ತಲೇ ಬಿಳಿಯ ಎಳೆಗಳೂ ಮಾಯವಾದುವು.

ಅಸೇಲಿಯ ಹಿರಿಮೆಯಿರುವುದು ಇಲ್ಲಿಂದ ಮುಂದೆ. ಇನ್ನೊಂದು ನಾಯಿಯನ್ನು ಕೊಯ್ದು ನೋಡಿದನು. ಒಂದು ಎಳೆಯೂ ಕಾಣಲಿಲ್ಲ. ಇನ್ನೊಬ್ಬನಾಗಿದ್ದರೆ ಮೊದಲು ಕಂಡುದು ಕಣ್ಣಿನ ಭ್ರಮೆಯೆಂದು ಕೈಬಿಡುತ್ತಿದ್ದನು. ಅಸೇಲಿಯು ಯೋಚಿಸಿದನು: ಮೊದಲನೆಯ ನಾಯಿಗೂ ಎರಡನೆಯದಕ್ಕೂ ಏನು ಭೇದ? ಮೊದಲನೆಯದು ಹೊಟ್ಟೆ ತುಂಬ ತಿಂದಿದ್ದಿತು; ಎರಡನೆಯದು ಉಪವಾಸವಿದ್ದಿತು. ಮತ್ತೊಂದು ನಾಯಿಗೆ ಚೆನ್ನಾಗಿ ಉಣ್ಣಿಸಿ ಕೆಲವು ಗಂಟೆಗಳ ಮೇಲೆ ನೋಡಿದನು; ಬಿಳಿಯ ಎಳೆಗಳು ಮೊದಲಿನಂತೆಯೇ ತೋರಿದುವು. ಹೀಗೆ ಆಕಸ್ಮಿಕವಾಗಿ ಕಂಡುದನ್ನು ಬೇಕೆಂದಾಗ ಕಾಣುವ ಉಪಾಯವು ದೊರೆಯಿತು. ನೋವು ತಿಳಿಯದಂತೆ ಮಾಡುವ ಔಷಧವಿಲ್ಲದಿದ್ದ ಕಾಲ ಅದು. ಈ ಜ್ಞಾನಕ್ಕಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ನಾವು ಮರೆಯಲಾಗದು.

ಅಸೇಲಿಯು ತನ್ನ ಶೋಧನೆಯು ಅಚ್ಚಾದುದನ್ನು ನೋಡುವಷ್ಟು ಕಾಲ ಬದುಕಲಿಲ್ಲ. ಅವನ ಗ್ರಂಥವು 1627ರಲ್ಲಿ, ಅವನು ತೀರಿಕೊಂಡ ಮೇಲೆ, ಬಣ್ಣದ ಚಿತ್ರಗಳೊಡನೆ ಪ್ರಕಟವಾಯಿತು. ಅಂಗರಚನೆಯ ಪುಸ್ತಕವೊಂದರಲ್ಲಿ ಬಣ್ಣದ ಚಿತ್ರಗಳು ಬಂದುದು ಅದೇ ಮೊದಲು. ಆದರೆ ಆ ಚಿತ್ರಗಳಲ್ಲಿ ಒಂದು ತಪ್ಪಿದ್ದಿತು. ಬಿಳಿಯ ನಾಳಗಳೆಲ್ಲವೂ ಯಕೃತ್ತಿಗೇ ಹೋಗಿ ಸೇರುವುವೆಂದು ಅವನು ತೋರಿಸಿದ್ದನು. ಕಣ್ಣು ಕಂಡುದನ್ನು ನಂಬಿದ ಅವನೂ, ಅದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಗೇಲನನ ಉತ್ತರವನ್ನೇ ಕೊಟ್ಟನು.

ಮರುವರ್ಷ, 1628ರಲ್ಲಿ, ಇಂಗ್ಲೆಂಡಿನ ವಿಲಿಯಂ ಹಾರ್ವೆಯು ರಕ್ತದ ಪರಿಚಲನೆಯನ್ನು ಸಾರಿದನು. ಗೇಲನನ ಕೋಟೆಯ ಬಹುದೊಡ್ಡ ಗೋಡೆಯನ್ನು ಕೆಡವಿದವನು ಇವನು. ಆದರೂ ಬಿಳಿಯ ನಾಳಗಳ ವಿಷಯದಲ್ಲಿ ಹಾರ್ವೆಯ ಮನಸ್ಸು ಒಪ್ಪಲಿಲ್ಲ. ಹಳೆಯದನ್ನು ಮುರಿದವನಿಗೂ ತನ್ನದಲ್ಲದ ಹೊಸದನ್ನು ನಂಬುವುದು ಸುಲಭವಲ್ಲವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾಗಿಲ್ಲ.

ಯಕೃತ್ತಿನ ಸಿಂಹಾಸನವನ್ನು ಅಲುಗಿಸಿದವನು ಝಾನ್ ಪೆಕೆ ಎಂಬ ಫ್ರೆಂಚ್ ತರುಣ. ಅಸೇಲಿಯು ನಾಯಿಯನ್ನು ಕೊಯ್ದ 1622ರಲ್ಲಿಯೇ ಇವನು ಹುಟ್ಟಿದುದು. ನಾಯಿಯೊಂದರ ಹೃದಯವನ್ನು ತೆಗೆದ ಮೇಲೆ, ಮೇಲಿನ ಮಹಾಸಿರೆಯ ಬಾಯಿಂದ ರಕ್ತದೊಡನೆ ಬಿಳಿಯ ದ್ರವವು ಇಳಿಯುತ್ತಿರುವುದನ್ನು ಅವನು ಕಂಡನು. ಮೊದಲು ಕೀವೆಂದು ಬಗೆದನು. ಆದರೆ ಹೊಟ್ಟೆಯನ್ನು ಒತ್ತಿದಾಗಲೆಲ್ಲ ಆ ದ್ರವವು ಹೆಚ್ಚಾಗಿ ಬರುತ್ತಿದ್ದಿತು. ದಾರಿಯನ್ನು ಹಿಡಿದು ಹಿಂದಕ್ಕೆ ಹೋದಾಗ, ಕರುಳಿನ ಬಿಳಿಯ ನಾಳಗಳು ಬೆನ್ನೆಲುಬಿನ ಮುಂದೆ ಒಂದು ಸಣ್ಣ ತೊಟ್ಟಿಯಂಥ ಚೀಲವನ್ನು ಸೇರುವುದೂ, ಅಲ್ಲಿಂದ ನಾಳವು ಎದೆಯ ಮೂಲಕ ಮೇಲೇರಿ ಕತ್ತಿನ ಬುಡದ ಸಿರೆಗೆ ಬೀಳುವುದೂ ಸ್ಪಷ್ಟವಾಯಿತು. ಯೂಸ್ಟಾಕಿಯು ಕುದುರೆಯಲ್ಲಿ ಕಂಡು ಬಿಟ್ಟಿದ್ದ ನಾಳವೇ ಇದು. 1651ರಲ್ಲಿ ಪೆಕೆಯು ಇದನ್ನು ಪ್ರಕಟಿಸಿದನು. ಬಿಳಿಯ ನಾಳಗಳ ರಸವು ಯಕೃತ್ತಿನ ಕಡೆಗೆ ತಿರುಗಿಯೂ ನೋಡದೆ ನೆಟ್ಟಗೆ ರಕ್ತಕ್ಕೆ ಹೋಗುತ್ತಿದ್ದಿತು!

ಇನ್ನುಳಿದುದು ಒಂದೇ ಮಾತು. ಈ ನಾಳಗಳು ಕರುಳಿನಲ್ಲಿ ಮಾತ್ರ ಇವೆಯೆ, ದೇಹದಲ್ಲೆಲ್ಲ ಇವೆಯೆ? ಸ್ವೀಡನ್ನಿನ ಉಪ್ಸಾಲದಲ್ಲಿ ಓಲೌಸ್ ರುಡ್‌ಬೆಕ್ ಎಂಬ ವಿದ್ಯಾರ್ಥಿಯು, ಬಣ್ಣವಿಲ್ಲದ ತಿಳಿರಸದ ನಾಳಗಳನ್ನು ಬೇರೆ ಅಂಗಗಳಲ್ಲಿಯೂ ಕಂಡುಹಿಡಿದು, 1652ರಲ್ಲಿ ರಾಣಿ ಕ್ರಿಸ್ಟೀನಳ ಸಮ್ಮುಖದಲ್ಲಿ ತೋರಿಸಿದನು. ಆಗ ಅವನಿಗೆ ವಯಸ್ಸು 21. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ತೋಮಾಸ್ ಬಾರ್ತೊಲಿನ್ ಎಂಬ ಹೆಸರಾಂತ ಪ್ರಾಧ್ಯಾಪಕನೂ ಅದನ್ನೇ ಕಂಡನು. 1653ರಲ್ಲಿ ಇಬ್ಬರ ಗ್ರಂಥಗಳೂ ಹೊರಬಿದ್ದುವು. ಬಾರ್ತೊಲಿನನದು ಸ್ವಲ್ಪ ಮುಂಚೆ. ಮೊದಲು ಕಂಡವರು ಯಾರೆಂಬ ಜಗಳವು ಎರಡು ದೇಶಗಳ ಪಂಡಿತರ ನಡುವೆ ಬಹಳ ಕಹಿಯಾಗಿ ನಡೆಯಿತು. ಲ್ಯಾಟಿನ್ನಿನಲ್ಲಿ ತಿಳಿನೀರು ಎಂಬರ್ಥದ ಲಿಂಫಾ ಎಂಬ ಪದದಿಂದ ಈ ನಾಳಗಳಿಗೆ ಹೆಸರಿಟ್ಟವನು ಬಾರ್ತೊಲಿನನು. ರಕ್ತವನ್ನು ಹುಟ್ಟಿಸುವ ಅಧಿಕಾರವನ್ನು ಕಳೆದುಕೊಂಡ ಯಕೃತ್ತಿಗಾಗಿ, ಅದು ಸತ್ತಿತೋ ಎಂಬಂತೆ, ಅವನು ವಿನೋದದಿಂದ ಒಂದು ಸಮಾಧಿಲೇಖವನ್ನೂ ಬರೆದನು.

ಮುಂದಿನವರು ಕಟ್ಟಡವನ್ನು ಪೂರ್ತಿಮಾಡಿದರು. 1665ರಲ್ಲಿ ಹಾಲೆಂಡಿನ ರೂಯ್ಷನು ನಾಳಗಳೊಳಗಿನ ಕವಾಟಗಳನ್ನು ವಿವರಿಸಿದನು. ಹೃದಯದಂಥ ಒತ್ತುಯಂತ್ರವಿಲ್ಲದ ಈ ರಸವು, ನಾಳಗಳ ಸ್ವಂತ ಮಿಡಿತದಿಂದಲೂ, ನಡೆದಾಡುವ ಸ್ನಾಯುಗಳ ಹಿಂಡುವಿಕೆಯಿಂದಲೂ, ಉಸಿರಾಟದಿಂದಲೂ ಮೇಲಕ್ಕೇರುವುದು. ಏರಿದುದು ಹಿಂದಕ್ಕೆ ಬೀಳದಂತೆ ತಡೆಯುವುವು ಈ ಕವಾಟಗಳು. 1787ರಲ್ಲಿ ಇಟಲಿಯ ಸಿಯೆನಾದಲ್ಲಿ ಪಾವ್ಲೊ ಮಸ್ಕಾನ್ಯಿಯು ನಾಳಗಳಿಗೆ ಪಾದರಸವನ್ನು ತುಂಬಿಸಿ, ಮಾನವದೇಹದ ದುಗ್ಧನಾಳಗಳ ಭವ್ಯವಾದ ಚಿತ್ರಸಂಪುಟವನ್ನು ಹೊರತಂದನು. ಮಿದುಳಿನ ಪೊರೆಗಳಲ್ಲಿಯೂ ಈ ನಾಳಗಳಿವೆಯೆಂದು ಅವನು ಬರೆದನು. ಯಾರೂ ನಂಬಲಿಲ್ಲ. 1896ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನು ಸೂಕ್ಷ್ಮನಾಳಗಳ ಗೋಡೆಯಲ್ಲಿ ದ್ರವವು ಒಸರುವುದಕ್ಕೂ ಮರಳುವುದಕ್ಕೂ ಕಾರಣವಾದ ಒತ್ತಡಗಳನ್ನು ಲೆಕ್ಕಹಾಕಿ ತೋರಿಸಿದನು. ಒಸರಿದುದರಲ್ಲಿ ಹೆಚ್ಚು ಪಾಲು ಸೂಕ್ಷ್ಮನಾಳಗಳಿಗೇ ಹಿಂದಿರುಗುವುದೆಂದೂ, ದುಗ್ಧನಾಳಗಳಿಗೆ ಸೇರುವುದು ಉಳಿದ ಸ್ವಲ್ಪ ಮಾತ್ರವೆಂದೂ ಬಹುಕಾಲ ಎಣಿಸಿದ್ದರು. ದೇಹದ ಬಹುಭಾಗಗಳಲ್ಲಿ ಅದನ್ನು ಹಿಂದಕ್ಕೆ ತರುವ ಭಾರವು ಮುಖ್ಯವಾಗಿ ದುಗ್ಧನಾಳಗಳದೇ ಎಂಬುದು ಈಚಿನ ತಿಳಿವಳಿಕೆ.

ಇದೆಲ್ಲವೂ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ಭಾವಿಸಬಾರದು. ಆನೆಕಾಲು ರೋಗವು ನಮ್ಮ ಕರಾವಳಿಯವರಿಗೂ ಕಲಬುರಗಿ ಬೀದರ ಪ್ರಾಂತದವರಿಗೂ ಹೊಸದಲ್ಲ. ಅದಕ್ಕೆ ಕಾರಣವಾದ ಕೂದಲೆಳೆಯಂಥ ಹುಳುಗಳು ವಾಸಿಸುವುದು ದುಗ್ಧನಾಳಗಳಲ್ಲಿ. ಈ ಹುಳುವಿನ ಮರಿಗಳನ್ನು ಮನುಷ್ಯನ ರಕ್ತದಲ್ಲಿ 1872ರಲ್ಲಿ ತಿಮೋತಿ ಲೂಯಿಸನು ಕಂಡುದು ನಮ್ಮ ಕಲ್ಕತ್ತೆಯಲ್ಲಿಯೇ. ಅವು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುವೆಂದು 1877ರಲ್ಲಿ ತೋರಿಸಿದವನು ಚೀನದ ಅಮಾಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್‌ಸನ್. ನಾಳಗಳು ಕೆಟ್ಟು ರಸವು ನಿಂತಾಗ ಕಾಲು ಬಾತು, ಕ್ರಮೇಣ ತೊಗಲು ದಪ್ಪವಾಗುವುದು. ಸ್ತನದ ಏಡಿಹುಣ್ಣಿಗಾಗಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡ ಹೆಂಗಸರಲ್ಲಿ ಕೆಲವರಿಗೆ ತೋಳು ಬಾಯುವುದಕ್ಕೂ ಇದೇ ಕಾರಣ. ಇದನ್ನು ಪೂರ್ವಜನ್ಮದ ಕರ್ಮವೆಂದೋ ಶಾಪವೆಂದೋ ಬಗೆದು, ಆ ಕಾಲನ್ನು ಸೀರೆಯ ಅಂಚಿನಲ್ಲಿ ಮರೆಸಿಕೊಂಡು ಬಾಳಿದವರೆಷ್ಟೋ ಮಂದಿ. ನಿಂತ ನೀರಿಗೆ ದಾರಿ ಎಲ್ಲಿಯದು ಎಂದು ತಿಳಿದಿದ್ದರಿಂದಲೇ, ಇಂದು ವೈದ್ಯನು ಚರ್ಮವನ್ನು ತೊಳೆದು ಶುಚಿಯಾಗಿಡುವುದು, ಕಾಲನ್ನು ಎತ್ತಿ ಇಡುವುದು, ಪಟ್ಟಿ ಕಟ್ಟುವುದು, ವ್ಯಾಯಾಮ ಇವುಗಳಿಂದ ಅವರ ನೋವನ್ನು ಇಳಿಸಬಲ್ಲನು.

ಕಡೆಯದಾಗಿ ಮಸ್ಕಾನ್ಯಿಯ ಮಾತಿಗೆ ಹಿಂದಿರುಗುತ್ತೇನೆ. ಮಿದುಳಿಗೆ ದುಗ್ಧನಾಳಗಳಿಲ್ಲವೆಂದು ಅವನ ಅನಂತರ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಪಠ್ಯಪುಸ್ತಕಗಳು ಹೇಳುತ್ತ ಬಂದುವು. 2015ರಲ್ಲಿ ಅಮೆರಿಕದ ವರ್ಜೀನಿಯದಲ್ಲಿ ಒಂದು ತಂಡವೂ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಇನ್ನೊಂದು ತಂಡವೂ ಇಲಿಗಳ ಮಿದುಳಿನ ಪೊರೆಯಲ್ಲಿ ಆ ನಾಳಗಳನ್ನು ಕಂಡುವು. 2017ರಲ್ಲಿ ಮನುಷ್ಯರಲ್ಲಿಯೂ ಅವು ಚಿತ್ರಯಂತ್ರಕ್ಕೆ ಗೋಚರವಾದುವು. ಮೇಕೆಮರಿಯ ಕರುಳಿನಲ್ಲಿ ನಡೆದುದೇ ಮಿದುಳಿನ ಪೊರೆಯಲ್ಲಿಯೂ ನಡೆಯಿತು. ಒಬ್ಬನು ಕಂಡುದನ್ನು, ಅದು ಇರಲಾರದೆಂಬ ಒಂದೇ ಕಾರಣದಿಂದ, ಇತರರು ನೋಡದೆ ಹೋದರು. ಅಸೇಲಿಯು ಎರಡನೆಯ ನಾಯಿಯಲ್ಲಿ ಏನೂ ಕಾಣದಿದ್ದಾಗ ಮೊದಲನೆಯ ದಿನ ತಾನು ಕಂಡುದನ್ನು ಅಲ್ಲಗಳೆಯಲಿಲ್ಲ. ಏಕೆ ಕಾಣಲಿಲ್ಲವೆಂದು ಕೇಳಿದನು. ಆ ಪ್ರಶ್ನೆಯಿಂದಲೇ ಒಂದು ಶಾಸ್ತ್ರವು ಹುಟ್ಟಿತು. ಮುಂದೆ ಎಂದಾದರೂ ತೊಡೆಸಂದಿನಲ್ಲಿ ಗಂಟು ಎದ್ದು ನೊಂದಾಗ, ಕಣ್ಣಿಗೆ ಕಾಣದ ಆ ದಾರಿಯನ್ನೂ ಅದನ್ನು ಹುಡುಕಿದವರನ್ನೂ ಒಮ್ಮೆ ನೆನೆಯುವಿರೆಂದು ನಂಬಿದ್ದೇನೆ.