ಆಲಿವರ್ ಕ್ರಾಮ್‌ವೆಲ್: ಯಾರಿಗೆ ಸಹಿಷ್ಣುತೆ, ಯಾರಿಗೆ ಕತ್ತಿ?

ನಲವತ್ತು ದಾಟುವವರೆಗೂ ಯುದ್ಧಭೂಮಿಯನ್ನೇ ಕಾಣದ ಒಬ್ಬ ಜಮೀನುದಾರ ತನ್ನ ದೇಶದ ರಾಜನನ್ನೇ ಸೋಲಿಸಬಲ್ಲನೇ? ಇಂಗ್ಲೆಂಡಿನ ಆಲಿವರ್ ಕ್ರಾಮ್‌ವೆಲ್ ಸೋಲಿಸಿ ತೋರಿಸಿದ. 1599ರಲ್ಲಿ ಹಂಟಿಂಗ್‌ಡನ್‌ನಲ್ಲಿ ಹುಟ್ಟಿದ ಈತ ಪ್ಯೂರಿಟನ್. ಅಂದರೆ, ಚರ್ಚಿನಲ್ಲಿ ಉಳಿದಿದ್ದ ಆಡಂಬರದ ಆಚರಣೆಗಳನ್ನು ತೆಗೆದುಹಾಕಬೇಕು ಎನ್ನುತ್ತಿದ್ದ ಪ್ರೊಟೆಸ್ಟೆಂಟರಲ್ಲಿ ಒಬ್ಬ. 1642ರಲ್ಲಿ ರಾಜ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ ಅಂತರ್ಯುದ್ಧ ಶುರುವಾದಾಗ, ಪಾರ್ಲಿಮೆಂಟಿನ ಪರವಾಗಿ ಕುದುರೆ ಪಡೆ ಕಟ್ಟಿದ.

ಅವನ ಗೆಲುವಿನ ಗುಟ್ಟೇನು ಅಂತೀರಾ? ಶಿಸ್ತು. ರಾಜನ ಕಡೆಯ ಪ್ರಿನ್ಸ್ ರೂಪರ್ಟ್‌ನ ಸವಾರರು ಮಿಂಚಿನಂತೆ ನುಗ್ಗುತ್ತಿದ್ದರು, ನಿಜ. ಆದರೆ ಓಡುವವರ ಬೆನ್ನಟ್ಟಿ ರಣರಂಗದಿಂದಲೇ ದೂರ ಹೋಗಿಬಿಡುತ್ತಿದ್ದರು. ಕ್ರಾಮ್‌ವೆಲ್‌ನ ಸವಾರರು ಮೊದಲ ದಾಳಿಯಾದ ಮೇಲೆ ನಿಂತು, ಮತ್ತೆ ಸಾಲುಗೂಡಿ, ತಿರುಗಿ ಬೀಳುತ್ತಿದ್ದರು. 1644ರ ಮಾರ್ಸ್ಟನ್ ಮೂರ್ ಮತ್ತು 1645ರ ನೇಸ್‌ಬಿ ಕದನಗಳಲ್ಲಿ ಫಲಿತಾಂಶ ನಿರ್ಧಾರವಾದದ್ದು ಹೀಗೆ.

ಇನ್ನೊಂದು ಮಾತು. ಅವನು ಆಳುಗಳನ್ನು ಆರಿಸುವಾಗ ಮನೆತನ ನೋಡಲಿಲ್ಲ, ಪಂಗಡವನ್ನೂ ನೋಡಲಿಲ್ಲ. ಅನಾಬ್ಯಾಪ್ಟಿಸ್ಟ್ ಎಂಬ ಕಾರಣಕ್ಕೆ ಒಬ್ಬ ಅಧಿಕಾರಿಗೆ ತೊಂದರೆಯಾದಾಗ, ನಿಷ್ಠೆಯಿಂದ ದುಡಿಯುವವನ ನಂಬಿಕೆಯನ್ನು ರಾಜ್ಯ ಕೆದಕಬಾರದು ಎಂದು 1644ರಲ್ಲೇ ಪತ್ರ ಬರೆದ.

1653ರಲ್ಲಿ ಅವನೇ ದೇಶದ ಅಧಿಪತಿಯಾದ. 1290ರಲ್ಲಿ ಇಂಗ್ಲೆಂಡಿನಿಂದ ಹೊರದಬ್ಬಲ್ಪಟ್ಟಿದ್ದ ಯಹೂದಿಗಳ ಪರವಾಗಿ ಆಮ್‌ಸ್ಟರ್‌ಡ್ಯಾಮಿನ ರಬ್ಬಿ ಮನಾಸೆ ಬೆನ್ ಇಸ್ರೇಲ್ 1655ರಲ್ಲಿ ಲಂಡನ್ನಿಗೆ ಬಂದ. ಕರೆದ ಸಭೆ ಒಮ್ಮತಕ್ಕೆ ಬರಲಿಲ್ಲ. ಆದರೂ ಕ್ರಾಮ್‌ವೆಲ್ ತಡೆಯಲಿಲ್ಲ. ಯಹೂದಿಗಳಿಗೆ ಪ್ರಾರ್ಥನೆಗೆ ಜಾಗ, ದಫನಿಗೆ ನೆಲ ಸಿಕ್ಕಿತು. ದೇವರ ಮಕ್ಕಳಲ್ಲಿ ಒಬ್ಬನಿಗೆ ಹಿಂಸೆಯಾಗುವುದಕ್ಕಿಂತ ನಮ್ಮಲ್ಲಿ ಇಸ್ಲಾಮಿಗೆ ಅನುಮತಿ ಕೊಡುವುದೇ ಮೇಲು ಎಂದು ಅವನು ಹೇಳಿದ್ದನೆಂದೂ ಹೇಳುತ್ತಾರೆ.

ಓದಿ ಖುಷಿಯಾಯ್ತು ಅಲ್ವಾ? ಸ್ವಲ್ಪ ತಡೆಯಿರಿ. ಆಗ ಇಂಗ್ಲೆಂಡಿನಲ್ಲಿ ಮುಸ್ಲಿಮರು ಬಹಳ ಕಡಿಮೆ ಇದ್ದರು. ಇದ್ದವರು ಕ್ಯಾಥೊಲಿಕರು; ಅವನು ಹೆದರುತ್ತಿದ್ದದ್ದೂ ಅವರಿಗೇ. 1649ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ದ್ರೊಹೆಡಾ ಪಟ್ಟಣ ಅವನ ಕೈಗೆ ಬಿದ್ದಾಗ ಸಾವಿರಾರು ಜನರ ಹತ್ಯೆಯಾಯಿತು. ಅದು ದೇವರ ನ್ಯಾಯತೀರ್ಪು ಎಂದು ಅವನು ಸಮರ್ಥಿಸಿಕೊಂಡ. ಮುಂದಿನ ತಿಂಗಳು ನ್ಯೂ ರಾಸ್ ಪಟ್ಟಣದ ಮುಖ್ಯಸ್ಥ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೇಳಿದಾಗ ಬಂದ ಉತ್ತರ: ಮನಸ್ಸಿನಲ್ಲಿ ಏನು ಬೇಕಾದರೂ ನಂಬಿ, ಆದರೆ ಕ್ಯಾಥೊಲಿಕ್ ಪೂಜೆಗೆ ಅವಕಾಶವಿಲ್ಲ. ಆಮೇಲೆ ಅವರ ಜಮೀನೂ ಹೋಯಿತು.

ಪೂಜೆಯಿಲ್ಲದ, ಪ್ರಾರ್ಥನೆಗೆ ಜಾಗವಿಲ್ಲದ ನಂಬಿಕೆಯ ಸ್ವಾತಂತ್ರ್ಯ ಎಂಥ ಸ್ವಾತಂತ್ರ್ಯ? ಕ್ರಾಮ್‌ವೆಲ್ ಬರೀ ಕಪಟಿ ಅಂತ ನಾನು ಹೇಳುತ್ತಿಲ್ಲ. ತನ್ನ ಕಾಲದ ಅನೇಕರಿಗಿಂತ ಅವನ ಮನಸ್ಸು ವಿಶಾಲವಾಗಿಯೇ ಇತ್ತು. ಆದರೆ ಅವನು ಕೊಟ್ಟದ್ದು ಹಕ್ಕಲ್ಲ, ಅನುಗ್ರಹ. ಅನುಗ್ರಹ ಕೊಟ್ಟವನೇ ಅದರ ಗಡಿಯನ್ನೂ ಎಳೆಯುತ್ತಾನೆ. 1658ರಲ್ಲಿ ಅವನು ತೀರಿಕೊಂಡ. ಎರಡೇ ವರ್ಷದಲ್ಲಿ ರಾಜಪ್ರಭುತ್ವ ಮರಳಿತು, ಅವನು ಕಾಪಾಡಿದ್ದ ಸಣ್ಣ ಪಂಗಡಗಳ ಮೇಲೂ ಕಾನೂನಿನ ಏಟು ಬಿತ್ತು.

ಹಾಗಾಗಿ ಯಾವ ನಾಯಕನನ್ನೇ ಅಳೆಯುವಾಗ, ತನಗೆ ಹತ್ತಿರದವರಿಗೆ ಏನು ಕೊಟ್ಟ ಅಂತ ಮಾತ್ರ ಕೇಳಬೇಡಿ. ಹೆದರಿಕೆ ಇದ್ದವರ ಜೊತೆ ಹೇಗೆ ನಡೆದುಕೊಂಡ, ಅದನ್ನೂ ಕೇಳಿ. ಈ ಪ್ರಶ್ನೆಯನ್ನು ನಮಗೆ ಇಷ್ಟವಾದ ನಾಯಕರಿಗೂ ಕೇಳುವ ಧೈರ್ಯ ಬೇಕು.