ಕುದುರೆ ಕಂಡರಾಗದ ಕರ್ನಲ್

ಜಾನ್ ಫೋರ್ಡ್ 1959ರಲ್ಲಿ ತೆರೆಗೆ ತಂದ ‘ದಿ ಹಾರ್ಸ್ ಸೋಲ್ಜರ್ಸ್’ನಲ್ಲಿ ಜಾನ್ ವೇಯ್ನ್ ಮೂಲತಃ ರೈಲ್ವೆ ಎಂಜಿನಿಯರು. ಆ ಪಾತ್ರದ ಹಿಂದಿದ್ದ ನಿಜವಾದ ಕರ್ನಲ್ ಬೆಂಜಮಿನ್ ಗ್ರಿಯರ್ಸನ್ ಸಂಗೀತದ ಮೇಷ್ಟ್ರು. ಬಾಲ್ಯದಲ್ಲಿ ಕುದುರೆ ಒದ್ದಾಗಿನಿಂದ ಆ ಪ್ರಾಣಿಯೆಂದರೇ ಅವನಿಗೆ ಆಗುತ್ತಿರಲಿಲ್ಲ. ಇಂಥ ಮನುಷ್ಯನನ್ನು ಸಿನಿಮಾ ಕೈಬಿಟ್ಟಿತಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ.

ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಏಪ್ರಿಲ್ 17ರಂದು, ಟೆನೆಸ್ಸಿಯಿಂದ ಅವನ ಸುಮಾರು 1,700 ಸವಾರರು ಶತ್ರುನೆಲಕ್ಕೆ ನುಗ್ಗಿದರು. ದಕ್ಷಿಣದವರ ವಿಕ್ಸ್‌ಬರ್ಗ್ ಕೋಟೆಗೆ ಸರಕು ಒಯ್ಯುವ ರೈಲುಹಳಿ ಕೀಳಬೇಕು, ಅವರ ಗಮನವನ್ನು ಉತ್ತರದ ಜನರಲ್ ಗ್ರಾಂಟ್‌ನ ಸೈನ್ಯದಿಂದ ಬೇರೆಡೆ ಸೆಳೆಯಬೇಕು ಎಂಬುದು ಗುರಿ.

ಈ ದಾಳಿಯಲ್ಲಿ ನನ್ನನ್ನು ಬೆರಗಾಗಿಸುವುದು ಸವಾರರು ಹೂಡಿದ ಒಂದು ಉಪಾಯ. ಏಪ್ರಿಲ್ 21ರಂದು ಒಂದು ರೆಜಿಮೆಂಟನ್ನು ಗ್ರಿಯರ್ಸನ್ ಬೇರೆ ದಾರಿಗೆ ಕಳಿಸಿದ. ಆ ರೆಜಿಮೆಂಟಿನವರ ಬಳಿಯಿದ್ದದ್ದು ಒಂದೇ ಫಿರಂಗಿ. ಅದನ್ನೇ ಕೆಸರಿನಲ್ಲಿ ನಾಲ್ಕು ಕಡೆ ತಿರುಗಿಸಿ, ನಾಲ್ಕು ಫಿರಂಗಿಗಳ ಗಾಲಿಗುರುತು ಮೂಡಿಸಿದರು. ಬೆನ್ನಟ್ಟಿದವರು ಗುರುತು ನಂಬಿ ಅತ್ತ ಹೋದರು. ಮುಖ್ಯ ಪಡೆ 24ರಂದು ನ್ಯೂಟನ್ ಸ್ಟೇಷನ್ ಸೇರಿ ಎರಡು ರೈಲು ಹಿಡಿದು, ಹಳಿ ಕಿತ್ತು, ಮೇ 2ರಂದು ಉತ್ತರದವರ ಕೈಯಲ್ಲಿದ್ದ ಬ್ಯಾಟನ್ ರೂಜ್ ಮುಟ್ಟಿತು.

ಸಿನಿಮಾದಲ್ಲಿ ಈ ಕೊನೆಯ ತಲುಪುವಿಕೆಯೇ ಇಲ್ಲ. ಚಿತ್ರೀಕರಣದಲ್ಲಿ ಸ್ಟಂಟ್‌ಮ್ಯಾನ್ ಫ್ರೆಡ್ ಕೆನೆಡಿ ಕುದುರೆಯಿಂದ ಬಿದ್ದು ತೀರಿಕೊಂಡ ಮೇಲೆ ಫೋರ್ಡ್‌ಗೆ ಕೆಲಸದ ಮನಸ್ಸೇ ಉಳಿಯಲಿಲ್ಲ; ಆ ದೃಶ್ಯವನ್ನು ತೆಗೆಯಲೇ ಇಲ್ಲ.